ಮೊದಲ ಐದು ನಿಮಿಷದ ಪ್ರೇರಣೆ ಸಾಲದು

ಕೇಳುಗ ಬಂಧುಗಳೇ, ನಮಸ್ಕಾರ.

ಬಿ.ಎಡ್. ಓದುವವರಿಗೆ ಪಾಠಯೋಜನೆ ಬರೆಯುವುದು ನಿತ್ಯದ ಕೆಲಸ. ಅದರ ಆರಂಭದಲ್ಲಿ ಪೀಠಿಕೆ, ಪ್ರೇರಣೆ ಎಂದು ಐದು ನಿಮಿಷ ಮೀಸಲಿಡುತ್ತೇವೆ. ಈಚೆಗೆ ಆ ಜಾಗದಲ್ಲಿ ಒಂದು ವಿಡಿಯೊ ಬಂದು ಕುಳಿತಿದೆ. ಬಣ್ಣಬಣ್ಣದ ಚಿತ್ರ ತೋರಿಸಿದರೆ ಮಕ್ಕಳಿಗೆ ಆಸಕ್ತಿ ಹುಟ್ಟಿತು ಎಂಬ ಲೆಕ್ಕ. ನಾಳೆ ಶಿಕ್ಷಕಿಯಾಗಿ ತರಗತಿಗೆ ಕಾಲಿಡಲಿರುವ ನನಗೆ ಈ ಲೆಕ್ಕ ಒಪ್ಪಿಗೆಯಾಗಿಲ್ಲ. ವಿಡಿಯೊ ನಿಂತ ಕೂಡಲೇ ಅರ್ಧ ತರಗತಿ ಕಿಟಕಿಯಾಚೆ ನೋಡತೊಡಗುತ್ತದೆ.

ಹಾಗೆಂದು ತಂತ್ರಜ್ಞಾನವೇ ಬೇಡ ಎನ್ನುವವಳು ನಾನಲ್ಲ. ಬೋಧನಾಭ್ಯಾಸಕ್ಕೆ ಹೋಗಿದ್ದ ಪ್ರೌಢಶಾಲೆಯಲ್ಲಿ ಜಿಯೋಜೀಬ್ರಾ ತಂತ್ರಾಂಶ ಬಳಸಿ ತ್ರಿಭುಜದ ಪಾಠ ಮಾಡಿದೆ. ಪರದೆಯ ಮೇಲೆ ಶೃಂಗವನ್ನು ಹಿಡಿದೆಳೆದರೆ ತ್ರಿಭುಜದ ಆಕಾರ ಬದಲಾಗುತ್ತದೆ, ಕೋನಗಳ ಅಳತೆಯೂ ಬದಲಾಗುತ್ತದೆ, ಮೊತ್ತ ಮಾತ್ರ 180 ಡಿಗ್ರಿ ಬಿಟ್ಟು ಕದಲುವುದಿಲ್ಲ. ಮೌಸನ್ನು ಮಕ್ಕಳ ಕೈಗೇ ಕೊಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೇಲಿನ ಶೃಂಗವನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಎಳೆದಳು. ತ್ರಿಭುಜ ಚಪ್ಪಟೆಯಾಯಿತು. ಒಂದು ಕೋನ 178 ಡಿಗ್ರಿ, ಉಳಿದವು ಒಂದೊಂದೇ ಡಿಗ್ರಿ. "ಮಿಸ್, ಪೂರ್ತಿ ಮಲಗಿಸಿಬಿಟ್ಟರೆ ಇದು ಬರೀ ಗೆರೆ ಅಲ್ಲವೇ? ಆಗ 180 ಎಲ್ಲಿರುತ್ತದೆ?" ಎಂದು ಕೇಳಿದಳು. ಉಳಿದ ಹೊತ್ತೆಲ್ಲ ಅದೇ ಚರ್ಚೆ. 180 ಡಿಗ್ರಿಯ ಸರಳಕೋನ ಎಂದರೇನು ಎಂಬುದನ್ನು ಅಂದು ಮಕ್ಕಳೇ ಒಬ್ಬರಿಗೊಬ್ಬರು ವಿವರಿಸಿಕೊಂಡರು. ಆಸಕ್ತಿ ಹುಟ್ಟಿದ್ದು ಪರದೆಯ ಬೆಳಕಿನಿಂದಲ್ಲ. ಎಳೆದು ನೋಡುವ ಸ್ವಾತಂತ್ರ್ಯ ಅವಳಿಗೆ ಸಿಕ್ಕಿದ್ದರಿಂದ.

ಸರಿಯುತ್ತರಕ್ಕೊಂದು ನಕ್ಷತ್ರ, ಹತ್ತು ನಕ್ಷತ್ರಕ್ಕೊಂದು ಪದಕ ಕೊಡುವ ಕಲಿಕಾ ಆ್ಯಪ್‌ಗಳ ಬಗ್ಗೆ ಮಾತ್ರ ನನಗೆ ನಿಜವಾದ ಆತಂಕವಿದೆ. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1973ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳಲ್ಲಿ ಒಂದು ಗುಂಪಿಗೆ, ಬಿಡಿಸಿದರೆ ಬಹುಮಾನ ಕೊಡುತ್ತೇವೆಂದು ಹೇಳಿ, ಹಾಗೆಯೇ ಕೊಟ್ಟರು. ಕೆಲವು ದಿನ ಕಳೆದು, ಬಹುಮಾನದ ಮಾತಿಲ್ಲದೆ ಅದೇ ಬಣ್ಣದ ಪೆನ್ನುಗಳನ್ನು ಮುಂದಿಟ್ಟಾಗ, ಆ ಗುಂಪಿನ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಮೊದಲೇ ಹೇಳದೆ ಅನಿರೀಕ್ಷಿತವಾಗಿ ಬಹುಮಾನ ಪಡೆದ ಮಕ್ಕಳ ಉತ್ಸಾಹ ಕುಗ್ಗಿರಲಿಲ್ಲ. ಪದಕದ ಆಸೆಗೆ ಲೆಕ್ಕ ಮಾಡುವ ಮಗು ಪದಕವಿಲ್ಲದ ದಿನ ಏನು ಮಾಡುತ್ತದೆ ಎಂದು ನಾವು ಯೋಚಿಸಲೇಬೇಕು.

ಕರೆಂಟು ಬೇಡದ ತಂತ್ರವೊಂದು ನಮ್ಮಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಲ್ಲಿ ಮಗು ತನ್ನ ಕಲಿಕಾ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನದೇ ವೇಗದಲ್ಲಿ ಕಲಿಕೆಯ ಮೈಲಿಗಲ್ಲು ದಾಟುತ್ತದೆ. ತಾನೆಲ್ಲಿದ್ದೇನೆ, ಮುಂದೆ ಏನಿದೆ ಎಂಬುದು ಅದಕ್ಕೆ ಗೊತ್ತಿರುತ್ತದೆ. ಸ್ಮಾರ್ಟ್ ಬೋರ್ಡು ಬಳಸುವಾಗಲೂ ನನಗೆ ಬೇಕಾದುದು ಇದೇ.

ಹೀಗಾಗಿ ವಿಡಿಯೊ ತೋರಿಸುವ ಹೊತ್ತನ್ನು ನಾನು ಪಾಠದ ನಡುವಿಗೆ ಸರಿಸಲಿದ್ದೇನೆ. ಗುರುತ್ವಾಕರ್ಷಣೆಯ ಪಾಠವನ್ನೇ ತೆಗೆದುಕೊಳ್ಳಿ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟ ದೃಶ್ಯ ಅಂತರಜಾಲದಲ್ಲಿ ಸಿಗುತ್ತದೆ. ಅದನ್ನು ಮೊದಲೇ ತೋರಿಸುವುದಿಲ್ಲ. ಮಕ್ಕಳು ಬೆಂಚಿನ ಮೇಲೆ ನಿಂತು ಕಲ್ಲನ್ನೂ ಕಾಗದವನ್ನೂ ಬೀಳಿಸಲಿ. ಚಂದ್ರನ ಮೇಲಾದರೆ ಯಾವುದು ಮೊದಲು ಬೀಳುತ್ತದೆ ಎಂದು ವಾದ ಮಾಡಲಿ, ತಮ್ಮ ಊಹೆಯನ್ನು ನೋಟ್‌ಪುಸ್ತಕದಲ್ಲಿ ಕಾರಣಸಮೇತ ಬರೆಯಲಿ. ಆಮೇಲೆ ಪರದೆ ಹಚ್ಚುತ್ತೇನೆ. ಎರಡೂ ಒಟ್ಟಿಗೆ ನೆಲ ಮುಟ್ಟಿದ್ದೇಕೆ ಎಂದು ಅವರೇ ಕೇಳುವವರೆಗೆ ಚಂದ್ರನಲ್ಲಿ ತಡೆಯೊಡ್ಡುವ ಗಾಳಿಯಿಲ್ಲ ಎಂಬ ಮಾತೆತ್ತುವುದಿಲ್ಲ.

ನಮಸ್ಕಾರ.