ಅಂಚು ನೋಡಿ, ಚಪ್ಪಲಿ ಕೊಳ್ಳಿ

ಕೇಳುಗರಿಗೆ ನಮಸ್ಕಾರ. ಕೊಲ್ಹಾಪುರಿ ಚಪ್ಪಲಿ ಕೊಳ್ಳುವಾಗ ನೀವು ಏನು ನೋಡುತ್ತೀರಿ? ಹೊಳಪು, ಬಣ್ಣ, ಆಮೇಲೆ ಬೆಲೆ. ಅಲ್ವಾ? ಇನ್ನು ಮೇಲೆ ಅಂಚು ನೋಡಿ. ಚರ್ಮ ಕೊಯ್ದ ಅಂಚು. ಮೇಲೆ ಬಣ್ಣ ಬಳಿಯೋದು ಯಾರಿಗೂ ಬರುತ್ತದೆ.

ಇದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ಅಥಣಿ ಕಡೆಯ ಒಬ್ಬ ಅಜ್ಜ. ನಾನಾಗ ಓದು ಮುಗಿಸಿ ಬಂದ ಹುಡುಗ. ಅವರ ಅಂಗಳದಲ್ಲಿ, ಸುಣ್ಣದ ನೀರಲ್ಲಿ ನೆನೆಸಿ ಕೂದಲು ತೆಗೆದ ಎಮ್ಮೆ ತೊಗಲನ್ನು ಚೀಲದ ಹಾಗೆ ಹೊಲಿದು ತೊಲೆಗೆ ನೇತು ಹಾಕಿದ್ದರು. ಒಳಗೆ ಜಜ್ಜಿದ ಜಾಲಿ ತೊಗಟೆ, ಅಳಲೆಕಾಯಿ, ನೀರು. ತೊಗಲಿನಿಂದ ಕೆಂಪು ರಸ ಜಿನುಗಿ ಕೆಳಗಿನ ಬಾನಿಗೆ ತೊಟ್ಟಿಕ್ಕುತ್ತಿತ್ತು. ಅದನ್ನೇ ತಂಬಿಗೆಯಲ್ಲಿ ಮೊಗೆದು ಮತ್ತೆ ಚೀಲಕ್ಕೆ ಸುರಿಯುತ್ತಿದ್ದರು.

"ಕ್ರೋಮ್ ಹಾಕಿದ್ರ ಒಂದ ದಿನದಾಗ ಮುಗೀತದಲ್ರೀ ಅಜ್ಜಾರ" ಅಂದೆ. ಕ್ರೋಮ್ ಅಂದರೆ ತೊಗಟೆಯ ಬದಲು ಚರ್ಮ ಹದ ಮಾಡಲು ಬಳಸುವ ರಾಸಾಯನಿಕ. ಅವರು ಮಾತಾಡಲಿಲ್ಲ. ರಂಪಿಗೆಯಿಂದ ಚೀಲದ ಬಾಯಂಚನ್ನು ಬೆರಳಗಲ ಕೊಯ್ದು ನನ್ನ ಕೈಗಿಟ್ಟರು. ಎರಡೂ ಬದಿ ಕಂದು. ನಡುವೆ ದಾರದಷ್ಟು ಬಿಳಿ ಗೆರೆ.

"ಒಳಗ ಇನ್ನೂ ಹಸಿ ಐತಿ ತಮ್ಮಾ. ಈ ಗೆರಿ ಹೋಗಬೇಕು."

ಹನ್ನೆರಡು ದಿನ ಬಿಟ್ಟು ಹೋದೆ. ಆ ತುದಿಗೂ ರಸ ಇಳಿಯಲಿ ಅಂತ ಚೀಲವನ್ನು ತಲೆಕೆಳಗಾಗಿ ಕಟ್ಟಿದ್ದರು. ಮತ್ತೆ ಕೊಯ್ದು ಕೊಟ್ಟರು. ಗೆರೆ ಇರಲಿಲ್ಲ. ಮುರಿದ ಬೆಲ್ಲದಚ್ಚಿನ ಹಾಗೆ ಒಳಗೂ ಹೊರಗೂ ಒಂದೇ ಬಣ್ಣ. ಆ ಎರಡೂ ಚೂರು ಇವತ್ತಿಗೂ ನನ್ನ ಮೇಜಿನ ಮೇಲಿವೆ. ಮೊದಲನೆಯದು ಒಣಗಿ ಕೊಂಬಿನಷ್ಟು ಬಿರುಸಾಗಿದೆ. ಎರಡನೆಯದನ್ನು ಈಗಲೂ ಬಗ್ಗಿಸಬಹುದು.

ತೊಗಟೆಯ ಒಗರು ಚರ್ಮದ ಎಳೆ ಎಳೆಗೂ ಹಿಡಿಯಬೇಕು, ಅಷ್ಟೇ ವಿಷಯ. ಅದಕ್ಕೇ ಅಂಚು ನೋಡಿ ಅಂತ ಬಡಕೊಳ್ಳುತ್ತೇನೆ. ಅಂಚು ನೀಲಿ ಬೂದಿ ಬಣ್ಣಕ್ಕಿದ್ದರೆ ಅದು ಕ್ರೋಮ್ ಚರ್ಮ. ಬೂಟಿಗೆ ಆಗಲಿ, ಬೇಡ ಅನ್ನಲ್ಲ. ಅದನ್ನೇ ಕೊಲ್ಹಾಪುರಿ ಅಂತ ಕೊಡಲು ಬಂದರೆ ಸುಮ್ನೆ ಎದ್ದು ಬನ್ನಿ.

ಹೆಣಿಗೆ, ಪಟ್ಟಿ, ಹೊಲಿಗೆ ಬಗ್ಗೆ ಬರೆದುಕೊಂಡು ಬಂದಿದ್ದೆ. ಗಾಜಿನಾಚೆ ಇರುವವರು ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಒಂದು ಮಾತು ಹೇಳಿಬಿಡುತ್ತೇನೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು, ಅಂದರೆ ಇದು ಇಂಥ ಸೀಮೆಯ ಮಾಲು ಅನ್ನುವ ಜಿಐ ಮಾನ್ಯತೆ ಸಿಕ್ಕಿತಲ್ಲ, ಅದರಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳಿವೆ, ನಮ್ಮವೂ 4 ಇವೆ: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಹೆಸರು ಅವರ ಊರಿನದು, ಕೈ ನಮ್ಮವರದೂ ಹೌದು.

ಮಳೆಯಲ್ಲಿ ನೆನೆದರೆ ನೆರಳಲ್ಲಿ ಒಣಗಿಸಿ. ಒಲೆ ಹತ್ತಿರ ಇಡಬೇಡಿ. ನಮಸ್ಕಾರ.