ಹೈಡಿಗೊಂದು ಕುರ್ಚಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳ ಸಾಹಿತ್ಯದ ಬಗ್ಗೆ ಮಾತಾಡಿ ಅಂತ ಚಿತ್ರದುರ್ಗ ಆಕಾಶವಾಣಿಯವರು ಕರೆದಿದ್ದಾರೆ. ನಾನು ಒಂದೇ ಪುಸ್ತಕ ತಂದಿದ್ದೇನೆ, ಒಂದೇ ಮಾತು ಹೇಳುತ್ತೇನೆ. ಅಪ್ಪ ಅಮ್ಮ ಇಲ್ಲದ ಮಗುವನ್ನು ಮನೆಯಲ್ಲಿ ಇಟ್ಟುಕೊಂಡವರು, ಹಾಸ್ಟೆಲ್ ವಾರ್ಡನ್‌ಗಳು, ಬಾಲಮಂದಿರದಲ್ಲಿ ಕೆಲಸ ಮಾಡುವವರು ಈಗ ರೇಡಿಯೊ ಹತ್ತಿರ ಇದ್ದರೆ ದಯವಿಟ್ಟು ಕೇಳಿ. ಊಟ, ಬಟ್ಟೆ, ಶಾಲೆ ಕೊಟ್ಟಿದ್ದೀರಿ, ಸಂತೋಷ. ಆದರೆ ‘ಇದು ನನ್ನದು’ ಅನ್ನಲು ಆ ಮಗುವಿಗೆ ಮನೆಯಲ್ಲಿ ಒಂದು ಜಾಗ ಬೇಕು.

ಪುಸ್ತಕದ ಹೆಸರು ‘ಹೈಡಿ’. ಸ್ವಿಟ್ಜರ್ಲೆಂಡಿನ ಯೊಹಾನ್ನಾ ಸ್ಪೀರಿ ಜರ್ಮನ್ ಭಾಷೆಯಲ್ಲಿ ಬರೆದದ್ದು. ಮೊದಲ ಭಾಗ 1880ರದು, ಎರಡನೆಯದು 1881ರದು.

ಹೈಡಿಗೆ ಐದು ವರ್ಷ. ಅಪ್ಪ ಮರಗೆಲಸದವನು, ತೊಲೆ ಬಿದ್ದು ಸತ್ತ. ಅದೇ ಕೊರಗಿನಲ್ಲಿ ಅಮ್ಮನೂ ಹೋದಳು. ಸಾಕುತ್ತಿದ್ದ ಚಿಕ್ಕಮ್ಮನಿಗೆ ದೂರದ ಫ್ರಾಂಕ್‌ಫರ್ಟಿನಲ್ಲಿ ಕೆಲಸ ಸಿಕ್ಕಿತು, ಮಗುವನ್ನು ಬೆಟ್ಟದ ಮೇಲೆ ಒಬ್ಬನೇ ಇರುವ ತಾತನ ಹತ್ತಿರ ಬಿಡಲು ಹೊರಟಳು. ಜೂನ್ ತಿಂಗಳ ಬಿಸಿಲು. ಗಂಟು ಹೊರುವುದು ತಪ್ಪಲಿ ಅಂತ ಹುಡುಗಿಗೆ ಒಂದರ ಮೇಲೊಂದು ಎರಡು ಫ್ರಾಕು ತೊಡಿಸಿ, ಮೇಲೆ ಕೆಂಪು ಶಾಲು ಸುತ್ತಿದ್ದಾಳೆ. ಆಡು ಕಾಯುವ ಪೀಟರ್ ಬರಿಗಾಲಲ್ಲಿ ಜಿಗಿಯುವುದನ್ನು ಕಂಡ ಹೈಡಿ ದಾರಿಯಲ್ಲೇ ಕೂತು ಬೂಟು, ಕಾಲುಚೀಲ, ಶಾಲು, ಎರಡೂ ಫ್ರಾಕು ಬಿಚ್ಚಿ ನೀಟಾಗಿ ಒಟ್ಟಿಟ್ಟು, ಒಳಲಂಗದಲ್ಲೇ ಆಡುಗಳ ಹಿಂದೆ ಓಡಿದಳು! ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕುರಿಹಟ್ಟಿಯಲ್ಲಿ ಬೆಳೆದವರಿಗೆ ಈ ಪುಟವನ್ನು ನಾನು ವಿವರಿಸಬೇಕಿಲ್ಲ.

ಊರೇ ಹೆದರುವ ಆ ಮುಂಗೋಪಿ ತಾತ ಏನು ಮಾಡಿದ ನೋಡಿ. ಮುದ್ದು ಮಾಡಲಿಲ್ಲ, ‘ಅಯ್ಯೋ ಪಾಪ’ ಅನ್ನಲಿಲ್ಲ. ಎಲ್ಲಿ ಮಲಗಲಿ ಅಂತ ಕೇಳಿದ್ದಕ್ಕೆ, ನಿನಗೆ ಬೇಕಾದ ಕಡೆ ಅಂದ. ಅವಳೇ ಏಣಿ ಹತ್ತಿ ಅಟ್ಟ ಸೇರಿ, ಕಣಿವೆ ಕಾಣುವ ದುಂಡು ಕಿಂಡಿ ಹುಡುಕಿ, ಒಣಹುಲ್ಲಿನ ಹಾಸಿಗೆ ಮಾಡಿಕೊಂಡಳು. ನೆಲ ಒತ್ತದಿರಲಿ ಅಂತ ತಾತ ಇನ್ನಷ್ಟು ಹುಲ್ಲು ತಂದು ಹಾಕಿದ. ಊಟಕ್ಕೆ ಕೂತರೆ ಮಣೆ ಕುಳ್ಳು, ಮೇಜು ಎಟುಕುವುದಿಲ್ಲ. ಅವತ್ತೇ ತಾತ ಕೋಲು ಕೆತ್ತಿ, ಹಲಗೆಗೆ ತೂತು ಕೊರೆದು, ಕೋಲು ಕೂರಿಸಿ ಕುರ್ಚಿ ಮಾಡಿದ. ತನ್ನ ಕುರ್ಚಿಯಂಥದ್ದೇ, ಎತ್ತರ ಮಾತ್ರ ಜಾಸ್ತಿ. ಯಾರದು ಅಂತ ಹೇಳುವ ಅಗತ್ಯವೇ ಬೀಳಲಿಲ್ಲ. ಇಷ್ಟು ಎತ್ತರ ಇದೆ ಅಂದಮೇಲೆ ನನ್ನದೇ ಅಂತ ಹುಡುಗಿಗೆ ಗೊತ್ತಾಯಿತು.

ಶಾಲೆಯ ಲೈಬ್ರರಿಯಲ್ಲಿ ಇದನ್ನು ಓದಿ ಹೇಳುವಾಗ, ನೆಂಟರ ಮನೆಯಲ್ಲಿದ್ದು ಓದುವ ಮಕ್ಕಳು ಈ ಕುರ್ಚಿಯ ಪುಟವನ್ನೇ ‘ಇನ್ನೊಂದ್ಸಲ ಓದಿ ಮಿಸ್’ ಅನ್ನುತ್ತಾರೆ.

ಮೂರು ವರ್ಷ ಕಳೆಯಿತು. ಚಿಕ್ಕಮ್ಮ ಮತ್ತೆ ಬಂದು, ಪುಸಲಾಯಿಸಿ, ಹೈಡಿಯನ್ನು ಫ್ರಾಂಕ್‌ಫರ್ಟಿನ ಸಾಹುಕಾರರ ಮನೆಗೆ ಕರೆದೊಯ್ದಳು. ಅಲ್ಲಿ ನಡೆಯಲಾರದ, ಗಾಲಿಕುರ್ಚಿಯ ಹುಡುಗಿ ಕ್ಲಾರಾ. ಅವಳಿಗೆ ಜೊತೆಯಾಗಿ ಇವಳು. ಕ್ಲಾರಾ ಒಳ್ಳೆಯವಳೇ. ಮೆತ್ತನೆ ಹಾಸಿಗೆ, ಹೊತ್ತು ಹೊತ್ತಿಗೆ ಊಟ. ಆದರೆ ಮನೆ ನೋಡಿಕೊಳ್ಳುವ ರೊಟ್ಟನ್‌ಮಯರ್ ಎಂಬ ಹೆಂಗಸು, ಹೈಡಿ ಅನ್ನುವುದು ಒಂದು ಹೆಸರೇ ಅಂತ, ಅದನ್ನೂ ಬಿಟ್ಟು ಆಡಲ್‌ಹೈಡ್ ಅಂತ ಕರೆದಳು. ಪೀಟರನ ಕುರುಡು ಅಜ್ಜಿಗೆ ಅಗಿಯಲು ಆಗುವುದಿಲ್ಲ, ನಮ್ಮ ಹಲ್ಲಿಲ್ಲದ ಅಜ್ಜಿಯರು ಖಡಕ್ ರೊಟ್ಟಿಯನ್ನು ದೂರ ಸರಿಸುವ ಹಾಗೆ ಆಕೆಗೆ ಆ ಗಟ್ಟಿ ಕಪ್ಪು ಬ್ರೆಡ್ಡು. ಅದಕ್ಕೇ ಹೈಡಿ ಊಟದ ಬಿಳಿ ಬನ್ನುಗಳನ್ನು ತಿನ್ನದೆ ಅಜ್ಜಿಗೆಂದು ಬೀರುವಿನಲ್ಲಿ ಕೂಡಿಟ್ಟಿದ್ದಳು. ಆ ಹೆಂಗಸು ಅಷ್ಟನ್ನೂ ಎಸೆಸಿದಳು.

ಆಮೇಲೆ ಆ ಮನೆಯಲ್ಲಿ ದೆವ್ವ ಶುರುವಾಯಿತು. ರಾತ್ರಿ ಅಗುಳಿ ಹಾಕಿದ ಮುಂಬಾಗಿಲು ಬೆಳಿಗ್ಗೆ ಹಾರುಹೊಡೆದಿರುತ್ತದೆ. ಕಾವಲು ಕೂತ ಆಳು ಬೆಳ್ಳಗಿನ ಆಕಾರ ಕಂಡು ಗಡಗಡ ನಡುಗಿದ. ಕೊನೆಗೆ ಯಜಮಾನರೇ ಸ್ನೇಹಿತ ಡಾಕ್ಟರನ್ನು ಕರೆಸಿ, ಪಿಸ್ತೂಲು ಇಟ್ಟುಕೊಂಡು ಕಾದರು. ನಡುರಾತ್ರಿ ಕಳೆದಮೇಲೆ ಸದ್ದು. ದೀಪ ಹಿಡಿದು ಹೋದರೆ, ತೆರೆದ ಬಾಗಿಲಲ್ಲಿ, ಬೆಳದಿಂಗಳಲ್ಲಿ, ಬಿಳಿ ನಿಲುವಂಗಿ ತೊಟ್ಟು ಬರಿಗಾಲಲ್ಲಿ ನಿಂತಿದ್ದಾಳೆ ಹೈಡಿ! ನಿದ್ದೆಯಲ್ಲೇ ಎದ್ದು ಬಂದಿದ್ದಾಳೆ. ಡಾಕ್ಟರು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು. ದಿನಾ ಕನಸು, ತಾತನ ಮನೆಯಲ್ಲೇ ಇದ್ದೇನೆ ಅಂತ. ಹೊರಗೆ ನಕ್ಷತ್ರ ಇವೆ ಅಂತ ಓಡಿ ಬಾಗಿಲು ತೆಗೆಯುತ್ತೇನೆ, ಎಚ್ಚರಾದರೆ ಇಲ್ಲೇ ಇರುತ್ತೇನೆ ಅಂದಳು. ಅಳುತ್ತೀಯಾ ಅಂದರೆ, ಇಲ್ಲ, ಅಳಬಾರದು ಅಂತ ಹೇಳಿದ್ದಾರೆ ಅಂದಳು. ಡಾಕ್ಟರು ಮಾತ್ರೆ ಬರೆಯಲಿಲ್ಲ. ನಾಳೆಯೇ ಬೆಟ್ಟಕ್ಕೆ ಕಳಿಸಿ ಅಂತ ಯಜಮಾನರಿಗೆ ಹೇಳಿದರು.

ಇದನ್ನು ಎಷ್ಟು ಸಲ ಓದಿದರೂ ನನಗೆ ಗಂಟಲು ಕಟ್ಟುತ್ತದೆ. ‘ನಾವೇನು ಕಡಿಮೆ ಮಾಡಿದ್ದೀವಿ’ ಅಂತ ಕೇಳುವ ದೊಡ್ಡಮ್ಮ ಚಿಕ್ಕಮ್ಮಂದಿರೇ, ಸಾಹುಕಾರರ ಮನೆಯಲ್ಲೂ ಏನೂ ಕಡಿಮೆ ಇರಲಿಲ್ಲ. ನೆಂಟರು ಬಂದಾಗ ಮೊದಲು ಎತ್ತಂಗಡಿಯಾಗುವುದು ಆ ಮಗುವಿನ ಚಾಪೆ, ಅಲ್ಲವೇ? ಬಂದವರ ಮುಂದೆ ‘ಪಾಪ, ನಾವೇ ಸಾಕ್ತಿದ್ದೀವಿ’ ಅನ್ನುತ್ತೀರಿ, ಅದು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತದೆ. ಗೋಡೆಗೊಂದು ಗೂಟ ಹೊಡೆದು ಅದರ ಬ್ಯಾಗಿಗೆ ಬಿಟ್ಟುಕೊಡಿ. ಬೀರುವಿನಲ್ಲಿ ಒಂದು ಖಾನೆ, ಬೇರೆಯವರು ಮುಟ್ಟದ ಒಂದು ಲೋಟ ಕೊಡಿ. ದುಡ್ಡಿನ ಮಾತೇ ಅಲ್ಲ ಇದು. ವಾರ್ಡನ್ ಅವರೇ, ಹೆಸರು ಹಿಡಿದು ಕರೆಯಿರಿ, ಹಾಜರಿ ನಂಬರ್ ಹಿಡಿದು ಬೇಡ.

ಹೇಳುವುದು ಇನ್ನೂ ಇತ್ತು. ಕ್ಲಾರಾಳ ಅಜ್ಜಿ ಚಿತ್ರದ ಪುಸ್ತಕ ಕೊಟ್ಟು ಹೈಡಿಗೆ ಓದು ಹತ್ತಿಸುವುದು ಮಾಸ್ತರರೆಲ್ಲ ಓದಬೇಕಾದ ಭಾಗ. ಎರಡನೇ ಭಾಗದಲ್ಲಿ ಕ್ಲಾರಾ ಬೆಟ್ಟಕ್ಕೆ ಬಂದು ಎದ್ದು ನಡೆಯುತ್ತಾಳೆ, ಅದನ್ನು ನೀವೇ ಓದಿಕೊಳ್ಳಿ. ಇಂಗ್ಲಿಷಿನಲ್ಲಿ ಮಕ್ಕಳಿಗಾಗಿ ಕಿರಿದು ಮಾಡಿದ ಪುಸ್ತಕಗಳು ಸಿಗುತ್ತವೆ; ಓದಿ, ರಾತ್ರಿ ನಿಮ್ಮ ಮಾತಿನಲ್ಲೇ ಕನ್ನಡದಲ್ಲಿ ಹೇಳಿ. ದೆವ್ವದ ಕತೆಯನ್ನು ಮಾತ್ರ ಬಾಗಿಲು ತೆರೆಯುವ ಕಡೆ ನಿಲ್ಲಿಸಿ ಮಕ್ಕಳನ್ನು ಮಲಗಲು ಕಳಿಸಬೇಡಿ, ಡಾಕ್ಟರು ಬಂದು ಮಾತಾಡುವ ತನಕ ಹೇಳಿ. ನಮಸ್ಕಾರ.