ರೈಲಿಗೊಂದು ಕೆಲಸ ಕೊಡಿ

ಎಲ್ಲರಿಗೂ ನಮಸ್ಕಾರ. ಮಾದರಿ ರೈಲಿನ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ, ನನಗೆ ಇದಕ್ಕಿಂತ ಖುಷಿಯ ಕೆಲಸ ಬೇರೆ ಇಲ್ಲ.

ಮನೆಯಲ್ಲಿ ರೈಲು ಓಡಿಸುವುದು ಅಂದ ಕೂಡಲೇ ಜನರಿಗೆ ನೆನಪಾಗುವುದು ದುಂಡಗಿನ ಹಳಿ, ಅದರ ಮೇಲೆ ಗಿರಗಿರ ಸುತ್ತುವ ಪುಟ್ಟ ಗಾಡಿ. ಅದೇನೂ ತಪ್ಪಲ್ಲ, ಈ ಹವ್ಯಾಸ ಬೆಳೆದಿದ್ದೇ ಅಲ್ಲಿಂದ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಎಂಟರ ಆಕಾರದ ಹಳಿ ಹಾಕಿ, ಕೀಲಿ ಕೊಟ್ಟು ಓಡಿಸುವ ರೈಲನ್ನು ತೋರಿಸಿತು. ಎರಡು ಹಳಿಗಳ ನಡುವಿನ ಅಗಲಕ್ಕೆ ಗೊತ್ತಾದ ಅಳತೆಗಳನ್ನೂ ತಂದಿತು. ಅದರಿಂದ ಏನಾಯಿತು ಅಂದರೆ, ಈ ವರ್ಷ ಎರಡು ಹಳಿ, ಮುಂದಿನ ವರ್ಷ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಒಂದು ಪಾಯಿಂಟ್ ಅಂತ ಕೊಂಡು ಜೋಡಿಸುತ್ತಾ ಹೋಗಬಹುದಾಯಿತು. ಆಮೇಲೆ 1900ರಲ್ಲಿ ನ್ಯೂಯಾರ್ಕಿನಲ್ಲಿ ಲಯನೆಲ್ ಕಂಪನಿ ಬಂತು, 1920ರಲ್ಲಿ ಲಿವರ್‌ಪೂಲಿನಿಂದ ಹಾರ್ನ್‌ಬಿ ರೈಲುಗಳು ಬಂದವು. ಇತಿಹಾಸ ಸದ್ಯಕ್ಕೆ ಇಷ್ಟು ಸಾಕು.

ಆದರೆ ಸುತ್ತುವ ಗಾಡಿಯನ್ನು ಎಷ್ಟು ಹೊತ್ತು ನೋಡುತ್ತಾ ಕೂರುತ್ತೀರಿ? ಸ್ವಲ್ಪ ಹೊತ್ತಿಗೆ ಮನಸ್ಸು ಬೇರೆ ಕಡೆ ಹೋಗುತ್ತದೆ. ತುಂಬಾ ಜನ ಆಸೆಪಟ್ಟು ಸೆಟ್ ಕೊಂಡು, ಕೆಲವು ವಾರಗಳಾದ ಮೇಲೆ ಅಟ್ಟಕ್ಕೆ ಹಾಕುವುದು ಇದರಿಂದಲೇ. ನನಗೆ ಇವತ್ತು ಹೇಳಬೇಕಾಗಿರುವುದು ಒಂದೇ ಮಾತು. ಗಾಡಿಗೆ ಹೋಗಲು ಒಂದು ಊರು ಬೇಕು, ಮಾಡಲು ಒಂದು ಕೆಲಸ ಬೇಕು. ಇವೆರಡೂ ಸಿಕ್ಕಿದ ದಿನದಿಂದ ಈ ಹವ್ಯಾಸ ನಿಮ್ಮನ್ನು ಬಿಡುವುದಿಲ್ಲ.

ಮೊದಲು ಊರಿನ ವಿಷಯ. ನಮ್ಮ ಮನೆಯಲ್ಲಿ ಇರುವುದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಒಂದು ಚೂರು. 57 ಸುರಂಗ, 109 ಸೇತುವೆ, 50 ಮೀಟರ್ ಹೋದರೆ ಒಂದು ಮೀಟರ್ ಏರುವ ಹಾದಿ, ಒಟ್ಟು ಸುಮಾರು 55 ಕಿಲೋಮೀಟರ್. ಎಚ್‌ಒ ಅನ್ನುವ ಅಳತೆಯಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. 55 ಕಿಲೋಮೀಟರ್‌ಗೆ ಈ ಲೆಕ್ಕ ಹಾಕಿ ನೋಡಿ, ಸುಮಾರು 630 ಮೀಟರ್ ಆಗುತ್ತದೆ. ಬೀದಿ ದಾಟಿ ಬಸ್ ಸ್ಟ್ಯಾಂಡ್ ತನಕ ಹಳಿ ಹಾಕಬೇಕು! ಗಾಡಿಯ ಕಥೆಯೂ ಅಷ್ಟೇ. ಈಗಿನ ಎಲ್‌ಎಚ್‌ಬಿ ಬೋಗಿ ಒಂದೊಂದೂ ಈ ಅಳತೆಯಲ್ಲಿ 27 ಸೆಂಟಿಮೀಟರ್ ಬರುತ್ತದೆ, 22 ಬೋಗಿ ಜೋಡಿಸಿದರೆ ಇಂಜಿನ್ ಬಿಟ್ಟೇ ಆರು ಮೀಟರ್. ಯಾವ ಮನೆಯ ಹಾಲ್ ಅಷ್ಟು ಉದ್ದ ಇರುತ್ತದೆ ಹೇಳಿ. ಇನ್ನೂ ಚಿಕ್ಕದಾದ ಎನ್ ಅಳತೆ ಇದೆ, 160ರಲ್ಲಿ ಒಂದು ಪಾಲು. ಅದರಲ್ಲೂ ಇದೇ ಗಾಡಿ ಮೂರು ಮೀಟರ್ ದಾಟುತ್ತದೆ.

ಹಾಗಾಗಿ ಆರಿಸಿಕೊಳ್ಳಲೇಬೇಕು. ಯಾವುದನ್ನು ಇಟ್ಟುಕೊಂಡರೆ ನೋಡಿದವರಿಗೆ ಆ ಜಾಗ ಅಂತ ಗುರುತು ಸಿಗುತ್ತದೆ? ನಾನು ಎಡಕುಮೇರಿ ಸ್ಟೇಷನ್ ಇಟ್ಟುಕೊಂಡೆ. ಸುತ್ತ ಕಾಡು, ಒಂಟಿ ಹಳಿ, ಎದುರಾಗುವ ಗಾಡಿಗಳು ದಾಟಿಕೊಳ್ಳಲು ಲೂಪ್ ಲೈನ್. ಆ ಕಡೆ ಒಂದು ಸುರಂಗ, ಈ ಕಡೆ ಒಂದು ಸೇತುವೆ. ಮಿಕ್ಕ 56 ಸುರಂಗ ಬಿಟ್ಟೆ. ಗಾಡಿಗೆ ಆರು ಬೋಗಿ ಸಾಕು ಅಂತ ಮಾಡಿಕೊಂಡೆ. ಆರು ಬೋಗಿ ಸುರಂಗದಿಂದ ಒಂದೊಂದಾಗಿ ಹೊರಗೆ ಬರುವಾಗ ಎಷ್ಟು ಅಂತ ಯಾರೂ ಎಣಿಸುವುದಿಲ್ಲ, ನೋಡಿ.

ಹಳಿಯ ಅಗಲದ ಬಗ್ಗೆ ಒಂದು ಮಾತು, ಯಾಕೆಂದರೆ ನಮ್ಮ ದೇಶದ ರೈಲು ಮಾಡುವವರಿಗೆ ಇದು ದೊಡ್ಡ ಚರ್ಚೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿಲಿಮೀಟರ್. ಅದು ಯುರೋಪ್, ಅಮೆರಿಕದ 1435 ಮಿಲಿಮೀಟರ್ ಹಳಿಗೆ ಸರಿಯಾದ ಅಳತೆ. ನಮ್ಮ ಬ್ರಾಡ್‌ಗೇಜ್ 1676, ಅಂದರೆ ನಮಗೆ ಬೇಕಾಗಿರುವುದು 19 ಮಿಲಿಮೀಟರ್‌ಗೂ ಸ್ವಲ್ಪ ಜಾಸ್ತಿ. ಹೀಗಾಗಿ ನಮ್ಮ ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್ನಿನ ಮಾದರಿಯಲ್ಲಿ ಮೈ ಸರಿಯಾಗಿದ್ದರೂ ಚಕ್ರಗಳು ಸ್ವಲ್ಪ ಒಳಗೆ ಸರಿದಿರುತ್ತವೆ. ಕೆಲವರು ಇದನ್ನು ಒಪ್ಪುವುದೇ ಇಲ್ಲ, ಕೈಯಾರೆ ಹಳಿ ಬೆಸುಗೆ ಹಾಕಿಕೊಂಡು ಅಗಲ ಸರಿ ಮಾಡುತ್ತಾರೆ. ಅವರ ತಾಳ್ಮೆಗೆ ಕೈ ಮುಗಿಯಬೇಕು. ನನಗೆ ಮಾತ್ರ 16.5 ಸಾಕು. ಬ್ರಿಟನ್ನಿನವರು 76ರಲ್ಲಿ ಒಂದು ಪಾಲಿನ ಗಾಡಿಗಳನ್ನು, ಅವಕ್ಕೆ ಕಿರಿದಾದರೂ, ದಶಕಗಳಿಂದ ಇದೇ 16.5ರ ಹಳಿ ಮೇಲೆ ಓಡಿಸಿಕೊಂಡು ಸಂತೋಷವಾಗಿದ್ದಾರೆ, ಅಲ್ವಾ? ಇನ್ನೊಂದು ದಾರಿಯೂ ಇದೆ. ಈ ಘಾಟಿ 1979ರಲ್ಲಿ ಶುರುವಾದಾಗ ಮೀಟರ್‌ಗೇಜ್ ಆಗಿತ್ತು. ಆ ಕಾಲವನ್ನು ಆರಿಸಿಕೊಂಡರೆ 12 ಮಿಲಿಮೀಟರ್ ಹಳಿ ಹೆಚ್ಚುಕಡಿಮೆ ಸರಿಯಾಗಿ ಹೊಂದುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಮಣ್ಣು. ವಿದೇಶದಿಂದ ಪೊಟ್ಟಣಗಳಲ್ಲಿ ಬಣ್ಣದ ಪುಡಿ ತರಿಸುವವರಿದ್ದಾರೆ. ಮಲೆನಾಡಿನ ಕೆಂಪು ಮಣ್ಣಿಗೆ ಮಲೆನಾಡಿನ ಮಣ್ಣೇ ಬೇಕು ಅನ್ನುವುದು ನನ್ನ ಹಟ. ಒಂದು ಚೀಲ ಮಣ್ಣು ತಂದು ಬಿಸಿಲಿಗೆ ಹರವಿ. ಒಣಗಿದ ಮೇಲೆ ಹಳೆ ಬಾಣಲೆಯಲ್ಲಿ ಹುರಿಯಿರಿ, ಹುಳದ ಮೊಟ್ಟೆ, ಬೂಷ್ಟು ಏನಿದ್ದರೂ ಹೋಗುತ್ತದೆ. ಆಮೇಲೆ ಜರಡಿ ಹಿಡಿದು, ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ. ಇಷ್ಟಕ್ಕೇ ನಿಲ್ಲಿಸಬೇಡಿ. ಮಣ್ಣನ್ನು ಪೇಪರಿನ ಮೇಲೆ ತೆಳುವಾಗಿ ಹರಡಿ, ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರ ಮೇಲೆ ನಿಧಾನವಾಗಿ ಆಡಿಸಿ. ಕಪ್ಪು ಪುಡಿ ಎದ್ದು ಬಂದು ಕವರಿಗೆ ಮುಳ್ಳುಮುಳ್ಳಾಗಿ ಅಂಟಿಕೊಳ್ಳುತ್ತದೆ. ಅದು ಮಣ್ಣಿನಲ್ಲಿರುವ ಕಬ್ಬಿಣದ ಅಂಶ. ಇಂಜಿನ್ನಿನ ಮೋಟಾರಿನಲ್ಲೂ ಅಯಸ್ಕಾಂತ ಇರುತ್ತದಲ್ಲ, ಈ ಪುಡಿ ಹಾಗೇ ಉಳಿದರೆ ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋಗಿ ಮೋಟಾರು, ಗೇರು ಎರಡನ್ನೂ ಹಾಳು ಮಾಡುತ್ತದೆ. ಮೊಬೈಲ್ ಪರದೆಯ ಮೇಲೆ ಬೆರಳಾಡಿಸಿ ಸುಸ್ತಾದ ದಿನ ಈ ಕೆಲಸಕ್ಕೆ ಕೂತರೆ ತಲೆ ಎಷ್ಟು ಹಗುರವಾಗುತ್ತದೆ ಅಂತ ಹೇಳಲಾರೆ.

ಹಳಿ ಕೆಳಗಿನ ಜಲ್ಲಿಯೂ ಹೀಗೆಯೇ. ನಿಜವಾದ ಹಳಿಗೆ ಹಾಕುವ ದೊಡ್ಡ ಜಲ್ಲಿ 50ರಿಂದ 65 ಮಿಲಿಮೀಟರ್. 87ರಿಂದ ಭಾಗಿಸಿದರೆ ಒಂದು ಮಿಲಿಮೀಟರ್‌ಗಿಂತ ಕಡಿಮೆ. ನಮ್ಮ ಬೀದಿಬೀದಿಯಲ್ಲಿ ಮನೆ ಕಟ್ಟುವವರ ಮುಂದೆ ಬಿದ್ದಿರುವ ಎಂ-ಸ್ಯಾಂಡ್ ನೋಡಿದ್ದೀರಲ್ಲ, ಅದೂ ಕಲ್ಲನ್ನೇ ಪುಡಿ ಮಾಡಿದ್ದು, ಬಣ್ಣವೂ ಬೂದು. ಕೇಳಿ ಒಂದು ಡಬ್ಬಿ ತನ್ನಿ, ತೊಳೆದು ಸೋಸಿದರೆ ಬೇಕಾದ ಗಾತ್ರ ಸಿಗುತ್ತದೆ. ಒಣ ಬ್ರಷ್‌ನಲ್ಲಿ ಹಳಿ ಕೆಳಗೆ ಅಡ್ಡ ಇರುವ ಸ್ಲೀಪರುಗಳ ನಡುವೆ ಹರಡಿ. ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರನ್ನು ಮೊದಲು ಚಿಮುಕಿಸಿ. ಆಮೇಲೆ ಫೆವಿಕಾಲ್‌ಗೆ ಅಷ್ಟೇ ನೀರು ಸೇರಿಸಿ, ಡ್ರಾಪರ್‌ನಲ್ಲಿ ಹನಿ ಹನಿಯಾಗಿ ಬಿಡಿ. ಮೊದಲು ನೀರು ಚಿಮುಕಿಸದೆ ಅಂಟು ಬಿಟ್ಟರೆ ಅದು ಮೇಲೆಯೇ ಉಂಡೆಯಾಗಿ ನಿಲ್ಲುತ್ತದೆ. ನೀರು ತಾಗಿದ್ದರೆ ಪಕ್ಕನೆ ಕೆಳಗೆ ಇಳಿಯುತ್ತದೆ. ಪಾಯಿಂಟ್‌ನ ಅಲುಗಾಡುವ ಹಳಿಗಳ ಹತ್ತಿರ ಮಾತ್ರ ಹುಷಾರು. ರಾತ್ರಿ ಬಿಟ್ಟು ಬೆಳಗ್ಗೆ ಬೆರಳಿಂದ ತಟ್ಟಿ ನೋಡಿ, ಕಲ್ಲಿನ ಹಾಗೆ ಕೂತಿರುತ್ತದೆ. ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಹಸಿರು ಬಣ್ಣದಲ್ಲಿ ಅದ್ದಿದರೆ ಹುಲ್ಲಾಯಿತು.

ಏರು, ತಿರುವು ಎರಡರಲ್ಲೂ ರಾಜಿ ಮಾಡಿಕೊಳ್ಳಲೇಬೇಕು. ಒಂದು ಹಳಿಯ ಮೇಲೆ ಇನ್ನೊಂದು ದಾಟಬೇಕು ಅಂದರೆ ಏಳೂವರೆ ಸೆಂಟಿಮೀಟರ್ ಎತ್ತರ ಬೇಕು. ಘಾಟಿಯ ಏರನ್ನೇ ಇಟ್ಟುಕೊಂಡರೆ ಅಷ್ಟು ಹತ್ತಲು ಮೂರೂಮುಕ್ಕಾಲು ಮೀಟರ್ ಹಳಿ ಹಿಡಿಯುತ್ತದೆ. ತಿರುವು ಇನ್ನೂ ಕಷ್ಟ. ನಮ್ಮ ಬ್ರಾಡ್‌ಗೇಜಿನಲ್ಲಿ ಬಿಡುವ ಅತಿ ಬಿಗಿ ತಿರುವಿನ ತ್ರಿಜ್ಯ 175 ಮೀಟರ್, ಅದು ಮಾದರಿಯಲ್ಲಿ ಎರಡು ಮೀಟರ್. ಅರ್ಧ ಸುತ್ತು ತಿರುಗಿಸಿದರೆ ಒಂದು ರೂಮು ಮುಗಿಯಿತು. ಸೆಟ್‌ನಲ್ಲಿ ಬರುವ ಬಾಗಿದ ಹಳಿಯ ತ್ರಿಜ್ಯ ಅರ್ಧ ಮೀಟರೂ ಇರುವುದಿಲ್ಲ. ಉದ್ದದ ಬೋಗಿಗಳು ಅದರ ಮೇಲೆ ಹೋಗುವಾಗ ಮೂಲೆಗಳು ಹೊರಗೆ ಚಾಚಿಕೊಳ್ಳುತ್ತವೆ, ನೋಡಲು ಚೆನ್ನಾಗಿರುವುದಿಲ್ಲ. ಘಾಟಿ ಆರಿಸಿಕೊಂಡಿದ್ದರ ಲಾಭ ಇಲ್ಲಿದೆ. ಬಿಗಿ ತಿರುವನ್ನೆಲ್ಲ ಗುಡ್ಡದ ಒಳಗೆ ಹಾಕಿಬಿಡಿ, ಕಾಣುವ ಜಾಗದಲ್ಲಿ ಮಾತ್ರ ಹಳಿ ನಿಧಾನವಾಗಿ ಬಾಗಲಿ.

ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ. ಹಳೆ ಪದ್ಧತಿಯಲ್ಲಿ ಹಳಿಗೆ 12 ವೋಲ್ಟ್ ತನಕ ಡಿಸಿ ಕೊಡುತ್ತಾರೆ, ವೋಲ್ಟ್ ಏರಿಸಿದರೆ ವೇಗ ಏರುತ್ತದೆ, ತಂತಿ ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ. ತೊಂದರೆ ಏನೆಂದರೆ ಆ ಹಳಿಯ ಮೇಲೆ ಇರುವ ಇಂಜಿನ್‌ಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಡಿಸಿಸಿ ಅನ್ನುವ ಡಿಜಿಟಲ್ ಪದ್ಧತಿಯಲ್ಲಿ ಒಂದೊಂದು ಇಂಜಿನ್‌ಗೂ ಒಂದು ಚಿಪ್, ಒಂದು ನಂಬರ್. ಹಳಿಯಲ್ಲಿ ಸದಾ ಕರೆಂಟು ಇರುತ್ತದೆ, ಅದರ ಜೊತೆಗೇ ಆಜ್ಞೆಗಳೂ ಹರಿಯುತ್ತವೆ, ಯಾವ ನಂಬರಿಗೆ ಹೇಳಿದೆಯೋ ಅದು ಮಾತ್ರ ಕೇಳುತ್ತದೆ. ಘಾಟಿ ಹತ್ತುವ ಗೂಡ್ಸ್‌ಗೆ ಹಿಂದಿನಿಂದ ಬ್ಯಾಂಕರ್ ಇಂಜಿನ್ ಹಾಕಿ ತಳ್ಳಿಸಬೇಕು ಅಂದರೆ ಇದು ತುಂಬಾ ಅನುಕೂಲ. ಇಲ್ಲಿ ಸಾಫ್ಟ್‌ವೇರ್‌ನವರು ಬಹಳ ಜನ ಕೂತಿದ್ದೀರಿ, ನಿಮಗೆ ಒಂದು ಸಂಗತಿ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಶುರುವಾದ ಮಾದರಿ ರೈಲಿನ ಕ್ಲಬ್ ಒಂದಿದೆ. ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳನ್ನು ಹಳಿ ಹಾಸಿದ ಹಲಗೆಯ, ಅಂದರೆ ಲೇಔಟಿನ ಕೆಳಗೆ ಜೋಡಿಸಿ ಗಾಡಿ ಓಡಿಸುತ್ತಿದ್ದ ಆ ಹುಡುಗರೇ ಆಮೇಲೆ ಕಂಪ್ಯೂಟರ್ ಹತ್ತಿರ ಹೋಗಿ ಹ್ಯಾಕರ್‌ಗಳ ಮೊದಲ ತಲೆಮಾರಾದರು.

ಸರಿ, ಊರು ತಯಾರಾಯಿತು. ಈಗ ಕೆಲಸ.

ಮೊದಲನೆಯದು ವೇಗ. ಘಾಟಿಯಲ್ಲಿ ಗಾಡಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಮಾದರಿಯಲ್ಲಿ ಅದು ಸೆಕೆಂಡಿಗೆ ಹತ್ತು ಸೆಂಟಿಮೀಟರೂ ಇಲ್ಲ. ಎಂಟು ಅಡಿಯ ಪ್ಲೈವುಡ್ ದಾಟಲು 25 ಸೆಕೆಂಡ್ ಬೇಕು. ಇಂಜಿನ್‌ಗೆ ಈ ನಿಧಾನ ಕಲಿಸಿ. ಹಳಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿಟ್ಟರೆ ಮುಗ್ಗರಿಸದೆ ಹೋಗುತ್ತದೆ. ಆ ನಿಧಾನದಲ್ಲಿ ಗಾಡಿಗೆ ತೂಕ ಬರುತ್ತದೆ, ಸುಮ್ನೆ ಪ್ಲಾಸ್ಟಿಕ್ ಅನಿಸುವುದಿಲ್ಲ.

ಎರಡನೆಯದು ಟೋಕನ್. ನಮ್ಮ ದೇಶದ ಒಂಟಿ ಹಳಿ ಮಾರ್ಗಗಳಲ್ಲಿ ನೀಲ್ಸ್ ಬಾಲ್ ಟೋಕನ್ ಅನ್ನುವ ಯಂತ್ರಗಳಿದ್ದವು. ಎರಡು ಸ್ಟೇಷನ್ನುಗಳ ಯಂತ್ರ ತಂತಿಯಲ್ಲಿ ಜೋಡಿಸಿರುತ್ತವೆ, ಎರಡೂ ಕಡೆ ಸೇರಿ ಒಮ್ಮೆಗೆ ಒಂದೇ ಲೋಹದ ಗುಂಡು ಹೊರಗೆ ಬರುತ್ತದೆ. ಅದು ಡ್ರೈವರ್ ಕೈಗೆ ಸಿಕ್ಕದೆ ಗಾಡಿ ಮುಂದಿನ ಸ್ಟೇಷನ್ ಕಡೆ ಹೊರಡುವ ಹಾಗಿಲ್ಲ. ಬೆತ್ತದ ದೊಡ್ಡ ಬಳೆಯಲ್ಲಿ ಚೀಲ ಕಟ್ಟಿ, ಓಡುವ ಗಾಡಿಗೆ ಅದನ್ನು ಕೊಡುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ನಮ್ಮ ಮನೆಯಲ್ಲಿ ಆ ಗುಂಡಿನ ಬದಲು ಗಾಜಿನ ಗೋಲಿ. ಒಂದು ಕಡೆಯ ಹಳಿಗೆ ನೀಲಿ ಗೋಲಿ, ಇನ್ನೊಂದು ಕಡೆಗೆ ಹಸಿರು. ಅಕ್ಕನ ಮಗಳು ಎಡಕುಮೇರಿಯ ಸ್ಟೇಷನ್ ಮಾಸ್ಟರ್. ಮಂಗಳೂರು ಕಡೆಯಿಂದ ಹತ್ತಿ ಬಂದ ಗೂಡ್ಸನ್ನು ಲೂಪಿಗೆ ಹಾಕಿಸಿ, ಪಾಯಿಂಟ್ ತಿರುಗಿಸಿ, ಬೆಂಗಳೂರಿನಿಂದ ಇಳಿಯುವ ಪ್ಯಾಸೆಂಜರ್ ಬರುವ ತನಕ ನನ್ನನ್ನು ಕಾಯಿಸುತ್ತಾಳೆ. "ಬೇಗ ಬಿಡೇ, ಹೊತ್ತಾಯ್ತು" ಅಂದರೆ, "ಮಾಮ, ಗೋಲಿ ಇನ್ನೂ ಆ ಗಾಡೀಲಿದೆ, ಸುಮ್ನೆ ನಿಂತ್ಕೋ" ಅನ್ನುತ್ತಾಳೆ. ಆ ಕಾಯುವಿಕೆಯಲ್ಲೇ ಸಂತೋಷ ಇದೆ. ಸುರಂಗದ ಬಾಯಲ್ಲಿ ಇಂಜಿನ್ನಿನ ದೀಪ ಕಂಡಾಗ ಇಬ್ಬರೂ ಬಗ್ಗಿ ನೋಡುತ್ತೇವೆ, ಅದು ನಾವೇ ಬಿಟ್ಟ ಗಾಡಿ ಅನ್ನುವುದು ಗೊತ್ತಿದ್ದೂ.

ಇಷ್ಟೆಲ್ಲ ಜಾಗ ಎಲ್ಲಿಂದ ತರೋದು ಅಂತ ಕೇಳುವವರಿಗೆ ನನ್ನ ಉತ್ತರ ಒಂದು ಹಲಗೆ. ಬ್ರಿಟನ್ನಿನ ಅಲನ್ ರೈಟ್ ಅನ್ನುವವರು ಮಾಡಿದ ಇಂಗಲ್‌ನುಕ್ ಅನ್ನುವ ಶಂಟಿಂಗ್ ಒಗಟು ಇದೆ, ಅಂದರೆ ವ್ಯಾಗನ್ ಹಿಂದೆ ಮುಂದೆ ಸರಿಸಿ ಗಾಡಿ ಜೋಡಿಸುವ ಆಟ. ಎರಡು ಪಾಯಿಂಟ್, ಮೂರು ಸೈಡಿಂಗ್, ಅಂದರೆ ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿಗಳು. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಇಂಜಿನ್ ನಿಲ್ಲುವ ತುದಿಯ ಹಳಿಯಲ್ಲಿ ಇಂಜಿನ್ ಜೊತೆ ಮೂರು ವ್ಯಾಗನ್‌ಗೆ ಜಾಗ. ಒಟ್ಟು ಎಂಟು ವ್ಯಾಗನ್. ಎಂಟು ಚೀಟಿಯಲ್ಲಿ ಐದು ಎತ್ತಿ, ಬಂದ ಕ್ರಮದಲ್ಲೇ ಆ ಐದು ವ್ಯಾಗನ್‌ಗಳ ಗಾಡಿ ಜೋಡಿಸಬೇಕು. ಎಷ್ಟು ಬಗೆಯ ಗಾಡಿ ಆಗಬಹುದು? 6,720. ಪುಸ್ತಕದ ಕಪಾಟಿನ ಒಂದು ಅರೆಯಲ್ಲಿ ಕೂರುವ ಲೇಔಟ್‌ಗೆ ಇದು ಜನ್ಮಕ್ಕಾಗುವಷ್ಟು ಕೆಲಸ. ಅಮೆರಿಕದ ಜಾನ್ ಆಲೆನ್ ಹೆಸರನ್ನು ಈ ಹವ್ಯಾಸದವರೆಲ್ಲ ಗೌರವದಿಂದ ಹೇಳುತ್ತಾರೆ. ಮನೆಯ ಕೆಳಗೆ ನೆಲದಿಂದ ಛಾವಣಿ ತನಕ ಬೆಟ್ಟ ಎಬ್ಬಿಸಿ ರೈಲು ಓಡಿಸಿದವರು. ಅವರೂ ಒಂದು ಪುಟ್ಟ ಹಲಗೆಯ ಶಂಟಿಂಗ್ ಆಟ ಮಾಡಿದ್ದರು. ಅವರು 1973ರಲ್ಲಿ ತೀರಿಕೊಂಡ ಕೆಲವೇ ದಿನಗಳಲ್ಲಿ ಆ ದೊಡ್ಡ ಲೇಔಟ್ ಬೆಂಕಿಗೆ ಹೋಯಿತು. ಆಟ ಉಳಿದಿದೆ, ಇವತ್ತೂ ಜನ ಆಡುತ್ತಾರೆ.

ದೊಡ್ಡದನ್ನು ನೋಡಬೇಕು ಅನ್ನುವವರು ಪುಣೆಯ ಕೋಥ್ರುಡ್‌ನಲ್ಲಿರುವ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂಗೆ ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಜರ್ಮನಿ ಕಡೆ ಹೋಗುವವರಿದ್ದರೆ ಹ್ಯಾಂಬರ್ಗಿನ ಮಿನಿಯಾಟೂರ್ ವುಂಡರ್‌ಲಾಂಡ್ ಬಿಡಬೇಡಿ. ಬ್ರೌನ್ ಸಹೋದರರು 2001ರಲ್ಲಿ ತೆರೆದಿದ್ದು, ಅರ್ಧ ದಿನ ಬೇಕು. ಆದರೆ ನೋಡಿ ಬಂದ ಮೇಲೆ ಅಷ್ಟು ದೊಡ್ಡದು ನಮ್ಮಿಂದ ಎಲ್ಲಾಗುತ್ತೆ ಅಂತ ಕೂರಬೇಡಿ. ಒಂದು ಇಂಜಿನ್, ಎಂಟು ವ್ಯಾಗನ್, ಎರಡು ಪಾಯಿಂಟ್ ಇಷ್ಟೇ ಕೊಳ್ಳಿ. ನಿಮ್ಮೂರಿನ ಹತ್ತಿರದ ಯಾವುದಾದರೂ ಗೂಡ್ಸ್ ಶೆಡ್ಡಿಗೆ ಹೋಗಿ ಗೋಡೆಯ ಬಣ್ಣ, ನೆಲದ ಬಣ್ಣ, ಹಳಿ ಪಕ್ಕ ಯಾವ ಗಿಡ ಬೆಳೆದಿದೆ ಅಂತ ನೋಡಿಕೊಂಡು ಬಂದು ಶುರು ಮಾಡಿ.

ನಾನು ಮಾತಾಡಿದ್ದು ಸಾಕು. ಆ ಕಿಟಕಿ ಪಕ್ಕದ ಮೇಜಿನ ಮೇಲೆ ಇಂಗಲ್‌ನುಕ್ ಹಲಗೆ ಜೋಡಿಸಿಟ್ಟಿದ್ದೇನೆ, ಚೀಟಿಗಳು ಸ್ಟೀಲ್ ಡಬ್ಬಿಯಲ್ಲಿವೆ. ಮಕ್ಕಳು ಮೊದಲು ಬರಲಿ. ಕಂಟ್ರೋಲರಿನ ಗುಂಡಿಯನ್ನು ತುಂಬಾ ನಿಧಾನವಾಗಿ ತಿರುಗಿಸಿ, ಪ್ರಶ್ನೆಗಳಿದ್ದರೆ ಆಡುತ್ತಲೇ ಕೇಳಿ.